ಹಸಿರು ಬಣ್ಣ ಲಿವರಿನಿಂದ ಹೊರಬೀಳುವುದು ಹೇಗೆ: ಪಿತ್ತದ ಹರಿವೋ, ಪಿತ್ತಲವಣವೋ?

ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ‘ಹಸಿರು ಬೆಳಕಿನ ತಂತ್ರಜ್ಞಾನ’ ಬಂದಿದೆ ಎಂಬ ಸುದ್ದಿ, ಜಾಹೀರಾತುಗಳು ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲೂ ಕಾಣಿಸುತ್ತಿವೆ. ರಕ್ತನಾಳಕ್ಕೆ ಒಂದು ಬಣ್ಣ ಚುಚ್ಚುತ್ತಾರೆ. ಅದು ಲಿವರ್ ಮೂಲಕ ಪಿತ್ತಕ್ಕೆ ಸೇರುತ್ತದೆ. ವಿಶೇಷ ಕ್ಯಾಮೆರಾದಲ್ಲಿ ಪಿತ್ತನಾಳ ಹಸಿರಾಗಿ ಹೊಳೆಯುವುದರಿಂದ ಸರ್ಜನ್ ಕೈತಪ್ಪಿ ಅದನ್ನು ಕತ್ತರಿಸುವ ಅಪಾಯ ಕಡಿಮೆಯಾಗುತ್ತದೆ. ಇಷ್ಟು ಯಾರಿಗಾದರೂ ಅರ್ಥವಾಗುತ್ತದೆ. ಗೊಂದಲ ಶುರುವಾಗುವುದು ವಿವರಕ್ಕೆ ಇಳಿದಾಗ. ಒಂದು ಕಡೆ ಆಪರೇಷನ್‌ಗೆ ಮುಕ್ಕಾಲು ಗಂಟೆ ಮೊದಲು ಚುಚ್ಚುತ್ತಾರೆ, ಇನ್ನೊಂದು ಕಡೆ ಹಿಂದಿನ ರಾತ್ರಿಯೇ. ಕೆಲವು ವಿಡಿಯೊಗಳಲ್ಲಿ ನಾಳ ಮಾತ್ರ ಹೊಳೆಯುತ್ತದೆ, ಕೆಲವದರಲ್ಲಿ ಇಡೀ ಲಿವರ್ ಹಸಿರಾಗಿ ನಾಳವೇ ಕಾಣುವುದಿಲ್ಲ. ಅದೇ ಬಣ್ಣವನ್ನು ಲಿವರ್ ಗೆಡ್ಡೆಯ ರೋಗಿಗೆ ಹತ್ತು ಪಟ್ಟು ಹೆಚ್ಚು ಕೊಟ್ಟು ‘ಆರ್15: ಶೇ 12’ (ಅಂದರೆ 15 ನಿಮಿಷದ ಮೇಲೂ ರಕ್ತದಲ್ಲಿ ಉಳಿದ ಬಣ್ಣದ ಪಾಲು) ಎಂದು ವರದಿ ಬರೆಯುತ್ತಾರೆ; ಹಾಗಾದರೆ ಶೇ 88ರಷ್ಟು ಲಿವರ್ ಚೆನ್ನಾಗಿದೆಯೇ ಎಂದು ಮನೆಯವರು ಕೇಳುತ್ತಾರೆ. ಇದರ ಜತೆಗೆ, ಪಿತ್ತ ಚೆನ್ನಾಗಿ ಹರಿದರೆ ದೇಹದ ಬಣ್ಣ, ವಿಷ ಎಲ್ಲ ತೊಳೆದು ಹೋಗುತ್ತದೆ ಎನ್ನುವ ‘ಡಿಟಾಕ್ಸ್’ ಮಾತು ಬೇರೆ.

ಈ ಗೊಂದಲಗಳೆಲ್ಲ ಬಂದು ನಿಲ್ಲುವುದು ಒಂದೇ ಪ್ರಶ್ನೆಯಲ್ಲಿ: ಲಿವರ್ ಒಂದು ಬಣ್ಣವನ್ನು ಹೊರಹಾಕುವ ವೇಗವನ್ನು ನಿರ್ಧರಿಸುವುದು ಯಾವುದು? ಪಿತ್ತ ಎಷ್ಟು ಹರಿಯುತ್ತದೆ ಎಂಬುದೇ, ಅಥವಾ ಆ ಪಿತ್ತದಲ್ಲಿ ಏನಿದೆ ಎಂಬುದೇ? 1960–70ರ ದಶಕಗಳಲ್ಲಿ ಪ್ರಯೋಗಾಲಯಗಳಲ್ಲಿ ಜೋರಾಗಿ ನಡೆದ ವಾದ ಇದು. ಅಂದಿನ ಉತ್ತರ ಇಂದಿನ ಆಪರೇಷನ್ ಥಿಯೇಟರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಒಳಬಾಗಿಲು, ಹೊರಬಾಗಿಲು

ಈಗ ಬಳಕೆಯಲ್ಲಿರುವ ಬಣ್ಣದ ಹೆಸರು ಇಂಡೊಸೈನೀನ್ ಗ್ರೀನ್, ಚಿಕ್ಕದಾಗಿ ಐಸಿಜಿ. 1950ರ ದಶಕದಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಬಳಕೆಗೆ ಬಂತು. ರಕ್ತಕ್ಕೆ ಸೇರಿದ ಕೂಡಲೇ ಹೆಚ್ಚುಕಡಿಮೆ ಪೂರ್ತಿಯಾಗಿ ಅಲ್ಬುಮಿನ್ ಮುಂತಾದ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ರಕ್ತನಾಳದಿಂದ ಆಚೆ ಸೋರುವುದಿಲ್ಲ, ಮೂತ್ರಪಿಂಡಕ್ಕೂ ಸಿಗುವುದಿಲ್ಲ. ಅದನ್ನು ಎತ್ತಿಕೊಳ್ಳುವುದು ಲಿವರ್ ಒಂದೇ.

ಲಿವರಿನ ಜೀವಕೋಶಕ್ಕೆ ಎರಡು ಮುಖಗಳಿವೆ. ಒಂದು ರಕ್ತದ ಕಡೆಗೆ, ಇನ್ನೊಂದು ಪಿತ್ತದ ಅತಿ ಸೂಕ್ಷ್ಮ ಕಾಲುವೆಯ ಕಡೆಗೆ. ರಕ್ತದ ಕಡೆಯ ಪೊರೆಯಲ್ಲಿರುವ ಒಎಟಿಪಿ1ಬಿ3, ಎನ್‌ಟಿಸಿಪಿ ಎಂಬ ವಾಹಕ ಪ್ರೋಟೀನ್‌ಗಳು ಬಣ್ಣವನ್ನು ಒಳಗೆ ಎಳೆದುಕೊಳ್ಳುತ್ತವೆ. ಇದನ್ನು ಒಳಬಾಗಿಲು ಎನ್ನೋಣ. ಕೋಶದೊಳಗೆ ಅದು ಬೇರೆ ಪ್ರೋಟೀನ್‌ಗಳಿಗೆ ಅಂಟಿ ಕೆಲಕಾಲ ತಂಗುತ್ತದೆ. ಆಮೇಲೆ ಕಾಲುವೆಯ ಕಡೆಯ ಪೊರೆಯನ್ನು ದಾಟಿ ಪಿತ್ತಕ್ಕೆ ಬೀಳಬೇಕು. ಅದು ಹೊರಬಾಗಿಲು. ಐಸಿಜಿಗೆ ಇಲ್ಲಿ ಯಾವ ರಾಸಾಯನಿಕ ಬದಲಾವಣೆಯೂ ಆಗುವುದಿಲ್ಲ. ಹೇಗೆ ಬಂತೋ ಹಾಗೆಯೇ ಪಿತ್ತಕ್ಕೆ ಹೋಗಿ, ಕರುಳಿನಿಂದ ಮತ್ತೆ ಹೀರಿಕೆಯಾಗದೆ ಮಲದಲ್ಲಿ ಹೊರಬೀಳುತ್ತದೆ.

ಎರಡು ಬಾಗಿಲುಗಳ ವೇಗ ಒಂದೇ ಅಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಆರೋಗ್ಯವಂತರಲ್ಲಿ ರಕ್ತದಲ್ಲಿನ ಐಸಿಜಿ ಅರ್ಧಕ್ಕೆ ಇಳಿಯಲು 3–4 ನಿಮಿಷ ಸಾಕು. ಆದರೆ ಹೀಗೆ ಒಳಗೆ ಬಂದದ್ದು ಪಿತ್ತಕ್ಕೆ ಪೂರ್ತಿ ಹೊರಬೀಳಲು ಗಂಟೆಗಳು ಬೇಕು. ನಡುವಿನ ಅವಧಿಯಲ್ಲಿ ಬಣ್ಣ ಇರುವುದು ಲಿವರಿನ ಕೋಶಗಳಲ್ಲೇ.

ಬಿಎಸ್‌ಪಿ ಕಾಲದ ಪಾಠ

ಐಸಿಜಿಗಿಂತ ಮೊದಲೇ ಬಂದು ಸುಮಾರು ಅರ್ಧ ಶತಮಾನ ಆಳಿದ ಬಣ್ಣ ಬ್ರೋಮ್‌ಸಲ್ಫಾಲೀನ್, ಅಂದರೆ ಬಿಎಸ್‌ಪಿ. ಅಮೆರಿಕದ ರೋಸೆಂಥಾಲ್ ಮತ್ತು ವೈಟ್ 1920ರ ದಶಕದ ನಡುವೆ ಇದನ್ನು ಲಿವರ್ ಪರೀಕ್ಷೆಯಾಗಿ ರೂಪಿಸಿದರು. ಮುಂದೆ ರೂಢಿಯಾದ ಕ್ರಮ ಇದು: ದೇಹತೂಕದ ಕಿಲೋಗೆ 5 ಮಿ.ಗ್ರಾಂ. ಬಣ್ಣ ರಕ್ತನಾಳಕ್ಕೆ, 45 ನಿಮಿಷಕ್ಕೆ ಇನ್ನೊಂದು ತೋಳಿನಿಂದ ರಕ್ತ. ಸೀರಮ್‌ಗೆ ಕ್ಷಾರ ಸೇರಿಸಿದರೆ ಬಣ್ಣ ನೇರಳೆಗೆ ತಿರುಗುತ್ತದೆ, ಅದನ್ನು ಅಳೆಯುತ್ತಿದ್ದರು. ಶೇ 5ಕ್ಕಿಂತ ಕಡಿಮೆ ಉಳಿದಿದ್ದರೆ ಸಾಮಾನ್ಯ. ರಕ್ತನಾಳದಿಂದ ಹೊರಗೆ ಸೋರಿದರೆ ಅಂಗಾಂಶ ಕೊಳೆಯುವುದು, ಅಪರೂಪಕ್ಕೆ ಪ್ರಾಣಕ್ಕೇ ಕುತ್ತಾಗುವ ಅಲರ್ಜಿ, ಇವುಗಳಿಂದಾಗಿ ಈ ಪರೀಕ್ಷೆ ಮೂಲೆ ಸೇರಿತು.

ಆದರೆ ಸಿದ್ಧಾಂತಕ್ಕೆ ಬಿಎಸ್‌ಪಿ ಕೊಟ್ಟ ಕೊಡುಗೆ ದೊಡ್ಡದು. 1960ರಲ್ಲಿ ವೀಲರ್ ಮತ್ತು ಸಂಗಡಿಗರು ಬಣ್ಣವನ್ನು ಒಮ್ಮೆಗೇ ಚುಚ್ಚುವ ಬದಲು ಸತತವಾಗಿ ಹನಿಸುತ್ತ ಹೋದರು. ರಕ್ತದಲ್ಲಿ ಬಣ್ಣ ಏರಿದಂತೆ ಲಿವರ್ ಇನ್ನಷ್ಟು ಬಣ್ಣವನ್ನು ಒಳಗೆ ತುಂಬಿಕೊಳ್ಳುತ್ತಲೇ ಹೋಗುತ್ತದೆ, ಪಿತ್ತಕ್ಕೆ ಬೀಳುವ ಪ್ರಮಾಣ ಮಾತ್ರ ಒಂದು ಮಿತಿಗೆ ಬಂದು ನಿಂತುಬಿಡುತ್ತದೆ. ವಯಸ್ಕರಲ್ಲಿ ಆ ಗರಿಷ್ಠ ಮಿತಿ ನಿಮಿಷಕ್ಕೆ ಸುಮಾರು 8–9 ಮಿ.ಗ್ರಾಂ. ಅಂದರೆ ಇಕ್ಕಟ್ಟು ಇರುವುದು ಹೊರಬಾಗಿಲಲ್ಲಿ.

ಇದಕ್ಕೆ ಪ್ರಕೃತಿಯೇ ಒದಗಿಸಿದ ಸಾಕ್ಷಿ ಡುಬಿನ್–ಜಾನ್ಸನ್ ಕಾಯಿಲೆ. ಹೊರಬಾಗಿಲ ಎಂಆರ್‌ಪಿ2 ಎಂಬ ವಾಹಕ ಹುಟ್ಟಿನಿಂದಲೇ ಕೆಲಸ ಮಾಡದ ಸ್ಥಿತಿ ಅದು. ಈ ರೋಗಿಗಳಲ್ಲಿ 45 ನಿಮಿಷದ ಬಿಎಸ್‌ಪಿ ಸಂಖ್ಯೆ ಸಾಮಾನ್ಯವಾಗಿಯೇ ಕಾಣಬಹುದು. ಆದರೆ ಒಂದೂವರೆ–ಎರಡು ಗಂಟೆಗೆ ರಕ್ತ ತೆಗೆದರೆ ಬಣ್ಣ ಮತ್ತೆ ಏರಿರುತ್ತದೆ. ಒಳಗೆ ಹೋಗಿ, ಕೋಶದಲ್ಲಿರುವ ಗ್ಲುಟಾಥಯೋನ್ ಎಂಬ ಅಣುವಿನ ಜತೆ ಕೂಡಿಕೊಂಡ ಬಣ್ಣಕ್ಕೆ ಹೊರದಾರಿ ಸಿಗದೆ ರಕ್ತಕ್ಕೇ ಮರಳಿರುತ್ತದೆ. ಪರೀಕ್ಷೆಯ ಸಮಯ ಯಾವ ಬಾಗಿಲಿಗೆ ಹೊಂದುತ್ತದೋ ಆ ಬಾಗಿಲಿನ ಸುದ್ದಿ ಮಾತ್ರ ಸಿಗುತ್ತದೆ ಎಂಬುದು ಇಲ್ಲೇ ಸ್ಪಷ್ಟವಾಗಿತ್ತು.

ಹರಿವೋ, ಲವಣವೋ?

ಈಗ ಮೂಲ ವಾದಕ್ಕೆ ಬರೋಣ. ಹೊರಬಾಗಿಲ ಮಿತಿ ಬದಲಾಗದ್ದೇ? 1966ರಲ್ಲಿ ಒ’ಮೇಲ್, ರಿಚರ್ಡ್ಸ್ ಮತ್ತು ಶಾರ್ಟ್ ನಾಯಿಗಳಿಗೆ ಟೌರೋಕೋಲೇಟ್ ಎಂಬ ಪಿತ್ತಲವಣ (ಕೊಬ್ಬನ್ನು ಜೀರ್ಣಿಸಲು ಲಿವರ್ ತಯಾರಿಸುವ, ಸೋಪಿನಂಥ ವಸ್ತು) ಹನಿಸಿ ನೋಡಿದರು. ಪಿತ್ತದ ಹರಿವು ಹೆಚ್ಚಿತು, ಅದರ ಜತೆಗೇ ಬಿಎಸ್‌ಪಿ ಹೊರಬೀಳುವ ಗರಿಷ್ಠ ಪ್ರಮಾಣವೂ ಏರಿತು. ಕಾಮಾಲೆಯಲ್ಲಿ ಏರುವ ಹಳದಿ ವಸ್ತುವಾದ ಬಿಲಿರುಬಿನ್ ವಿಷಯದಲ್ಲೂ ಹೀಗೆಯೇ ಆಗುತ್ತದೆಂದು ಆಮೇಲೆ ತಿಳಿಯಿತು.

ಹಾಗಾದರೆ ಕಾರಣ ಹರಿವೇ? ಹೌದು ಎನ್ನುವವರ ತರ್ಕ ಸರಳ: ಕಾಲುವೆಯಲ್ಲಿ ನೀರು ಹೆಚ್ಚಾದರೆ ಬಣ್ಣದ ಸಾಂದ್ರತೆ ತಗ್ಗುತ್ತದೆ, ಕೋಶದಿಂದ ಹೊರಗೆ ತಳ್ಳುವುದು ಸುಲಭವಾಗುತ್ತದೆ, ಹೊರಬಂದದ್ದು ಹಿಂದಕ್ಕೆ ಸೋರುವ ಮೊದಲೇ ಮುಂದೆ ಸಾಗುತ್ತದೆ.

ಈ ತರ್ಕವನ್ನು ಪರೀಕ್ಷಿಸಲು, ಪಿತ್ತ ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ಬೇಕು. ದಿನಕ್ಕೆ ಸುಮಾರು 600 ಮಿ.ಲೀ. ಪಿತ್ತ ಎಂದಿಟ್ಟುಕೊಳ್ಳಿ. ಅದು ಮೂರು ಮೂಲಗಳಿಂದ ಬರುತ್ತದೆ. ಒಂದು ಪಾಲು, ಪಿತ್ತಲವಣಗಳು ಕಾಲುವೆಗೆ ಬಿದ್ದಾಗ ಅವುಗಳ ಬೆನ್ನಿಗೆ ಎಳೆದುಕೊಂಡು ಬರುವ ನೀರು. ಇನ್ನೊಂದು ಪಾಲು, ಗ್ಲುಟಾಥಯೋನ್, ಬೈಕಾರ್ಬೊನೇಟ್ ಮುಂತಾದವು ಎಳೆಯುವ ನೀರು. ಇದಕ್ಕೆ ಪಿತ್ತಲವಣದ ಹಂಗಿಲ್ಲ. ಇವೆರಡೂ ಹೆಚ್ಚುಕಡಿಮೆ ಸಮಪಾಲು. ಉಳಿದದ್ದು, ಕೆಳಗೆ ಪಿತ್ತನಾಳದ ಗೋಡೆಯೇ ಸೇರಿಸುವ ನೀರು. ಸೀಕ್ರೆಟಿನ್ ಹಾರ್ಮೋನ್ ಹೆಚ್ಚಿಸುವುದು ಈ ಪಾಲನ್ನು.

ಸೀಕ್ರೆಟಿನ್ ಕೊಟ್ಟಾಗ ಪಿತ್ತದ ಪ್ರಮಾಣ ಏರಿತು, ಬಣ್ಣದ ಗರಿಷ್ಠ ಮಿತಿ ಏರಲಿಲ್ಲ. ಇದರಲ್ಲಿ ಅಚ್ಚರಿಯಿಲ್ಲ: ಆ ನೀರು ಸೇರುವುದು ಹೊರಬಾಗಿಲು ದಾಟಿದ ಮೇಲೆ, ಆಗಲೇ ಹೊರಬಿದ್ದ ಬಣ್ಣಕ್ಕೆ. ನಿಜವಾದ ಪೆಟ್ಟು ಬಿದ್ದದ್ದು 1974ರಲ್ಲಿ. ಗಿಬ್ಸನ್ ಮತ್ತು ಫೋರ್ಕರ್ ಎಸ್‌ಸಿ-2644 ಎಂಬ ರಾಸಾಯನಿಕವನ್ನು ಬಳಸಿದರು. ಅದು ಪಿತ್ತಲವಣದ ನೆರವಿಲ್ಲದೆ, ಕಾಲುವೆಯ ಮಟ್ಟದಲ್ಲೇ ಹರಿವನ್ನು ಹೆಚ್ಚಿಸುತ್ತದೆ. ನೀರು ಸರಿಯಾದ ಜಾಗದಲ್ಲೇ ಹೆಚ್ಚಿತು, ಆದರೂ ಬಿಎಸ್‌ಪಿಯ ಗರಿಷ್ಠ ಮಿತಿ ಏರಲಿಲ್ಲ. ಹರಿವು ಕಾರಣವಾಗಿದ್ದರೆ ಏರಲೇಬೇಕಿತ್ತು. ನೀರಿನದಲ್ಲ, ಪಿತ್ತಲವಣದ್ದೇ ಮಹಿಮೆ ಎಂಬ ಪಕ್ಷ ಅಲ್ಲಿಗೆ ಬಲವಾಯಿತು.

ಪಿತ್ತಲವಣ ಇದನ್ನು ಹೇಗೆ ಸಾಧಿಸುತ್ತದೆ? ಇಲ್ಲಿ ಎರಡು ವಿವರಣೆಗಳಿವೆ, ಎರಡಕ್ಕೂ ಆಧಾರವಿದೆ.

ಮೊದಲನೆಯದು ಮೈಸೆಲ್. ಪಿತ್ತಲವಣದ ಅಣುವಿಗೆ ನೀರನ್ನು ಬಯಸುವ ಒಂದು ಮಗ್ಗುಲು, ಕೊಬ್ಬನ್ನು ಬಯಸುವ ಇನ್ನೊಂದು ಮಗ್ಗುಲು ಇದೆ. ಸಾಂದ್ರತೆ ಲೀಟರಿಗೆ ಕೆಲವು ಮಿಲಿಮೋಲ್ ದಾಟಿದರೆ ಇವು ಫಾಸ್ಫೋಲಿಪಿಡ್ ಎಂಬ ಕೊಬ್ಬು, ಕೊಲೆಸ್ಟೆರಾಲ್ ಜತೆ ಸೇರಿ ಸೂಕ್ಷ್ಮ ಗುಂಪುಗಳಾಗುತ್ತವೆ. ಇವೇ ಮೈಸೆಲ್. ಕಾಲುವೆಗೆ ಬಿದ್ದ ಬಣ್ಣ ಈ ಗುಂಪುಗಳೊಳಗೆ ಸೇರಿಕೊಂಡರೆ, ನೀರಿನಲ್ಲಿ ಬಿಡಿಯಾಗಿ ಉಳಿಯುವ ಬಣ್ಣ ತೀರಾ ಕಡಿಮೆಯಾಗುತ್ತದೆ. ಕೋಶಕ್ಕೆ ಎದುರೊತ್ತಡವೂ ತಗ್ಗುತ್ತದೆ, ಬಣ್ಣ ಹಿಂದಕ್ಕೆ ಸೋರುವುದೂ ತಗ್ಗುತ್ತದೆ. 1978ರಲ್ಲಿ ಶಾರ್ಶ್‌ಮಿಟ್ ಮತ್ತು ಶ್ಮಿಡ್ ಇಲಿಯ ಪಿತ್ತದಲ್ಲಿ ಈ ಬಂಧವನ್ನೇ ಅಳೆಯಲು ಹೊರಟರು. ಈ ವಿವರಣೆ ಎಲ್ಲ ಬಣ್ಣಕ್ಕೂ ಒಂದೇ ಸಮನಾಗಿ ಒಪ್ಪುವುದಿಲ್ಲ: ಕೊಬ್ಬಿನ ಕಡೆ ವಾಲುವ ಬಣ್ಣಕ್ಕೆ ಮೈಸೆಲ್ ಹೆಚ್ಚು ಆಸರೆ, ನೀರಿನಲ್ಲಿ ಸುಲಭವಾಗಿ ಕರಗುವುದಕ್ಕೆ ಕಡಿಮೆ.

ಎರಡನೆಯದು ವಾಹಕಗಳ ಸಂಖ್ಯೆ. ಹೊರಬಾಗಿಲ ವಾಹಕಗಳೆಲ್ಲ ಸದಾ ಪೊರೆಯಲ್ಲೇ ಇರುವುದಿಲ್ಲ. ಒಂದಷ್ಟು ಕೋಶದೊಳಗಿನ ಸಣ್ಣ ಚೀಲಗಳಲ್ಲಿ ಕಾದಿರುತ್ತವೆ. ಟೌರೋಕೋಲೇಟ್, ಉರ್ಸೋಡಿಯಾಕ್ಸಿಕೋಲಿಕ್ ಆಮ್ಲದಂಥವು ಕೋಶಕ್ಕೆ ಬಂದಾಗ ಈ ಚೀಲಗಳು ಪೊರೆಗೆ ಹೋಗಿ ಸೇರಿಕೊಳ್ಳುತ್ತವೆ. ಹೊರಹಾಕುವ ಸಾಮರ್ಥ್ಯವೇ ಹೆಚ್ಚುತ್ತದೆ.

ಐಸಿಜಿ ಮಟ್ಟಿಗೆ ಮೈಸೆಲ್ ಪಕ್ಷದವರು ಹೆಚ್ಚಾಗಿ ತೋರಿಸುವುದು 2001ರ ಇಲಿ ಪ್ರಯೋಗವನ್ನು. ಎಂಡಿಆರ್2 ಎಂಬ ಪ್ರೋಟೀನ್ ಇಲ್ಲದ ಇಲಿಗಳ ಪಿತ್ತದಲ್ಲಿ ಫಾಸ್ಫೋಲಿಪಿಡ್ ಇರುವುದಿಲ್ಲ ಎನ್ನುವಷ್ಟು ಕಡಿಮೆ. ಅವುಗಳಲ್ಲಿ ಐಸಿಜಿ ಹೊರಬೀಳುವುದೂ ತೀವ್ರವಾಗಿ ಕುಸಿಯಿತು. ಆ ಪ್ರೋಟೀನೇ ಐಸಿಜಿಯನ್ನು ಹೊತ್ತು ಸಾಗಿಸುತ್ತದೆ ಎಂದೂ ಓದಬಹುದು, ಫಾಸ್ಫೋಲಿಪಿಡ್ ಇಲ್ಲದೆ ಸರಿಯಾದ ಮೈಸೆಲ್ ಆಗದ್ದರಿಂದ ಬಣ್ಣಕ್ಕೆ ನೆಲೆ ಸಿಗಲಿಲ್ಲ ಎಂದೂ ಓದಬಹುದು. ಎರಡನ್ನೂ ಒಂದೇ ಪ್ರಯೋಗದಿಂದ ಬಿಡಿಸಲಾಗದು. ಏನೇ ಆದರೂ ಬರೀ ನೀರು ಸಾಲದು ಎಂಬುದಂತೂ ಎರಡು ಓದಿನಿಂದಲೂ ಹೊರಡುತ್ತದೆ.

ಹೆಚ್ಚು ಪಿತ್ತಲವಣ ಹೆಚ್ಚು ಒಳ್ಳೆಯದು ಎಂದು ಮಾತ್ರ ತೀರ್ಮಾನಿಸಬಾರದು. ಇದು ಮಾರ್ಜಕ ಗುಣದ ವಸ್ತು. ಮಿತಿಮೀರಿದರೆ ಪೊರೆಯನ್ನೇ ಕರಗಿಸುತ್ತದೆ. ಲಿಥೋಕೋಲೇಟ್‌ನಂಥ ಕೆಲವು ಬಗೆಯವು ಪಿತ್ತದ ಹರಿವನ್ನೇ ನಿಲ್ಲಿಸಿಬಿಡುತ್ತವೆ.

ಅದೇ ಲವಣ ಒಳಬಾಗಿಲಲ್ಲಿ ಅಡ್ಡಗಾಲು

ಓದುಗರು ಎಡವುವುದು ಇಲ್ಲೇ. ಪಿತ್ತಲವಣ ಕರುಳಿಗೆ ಬಿದ್ದು ಮಲದಲ್ಲಿ ಹೊರಟುಹೋಗುವ ಕಸವಲ್ಲ. ಶೇ 95ರಷ್ಟು ಸಣ್ಣಕರುಳಿನ ಕೊನೆಯ ಭಾಗದಲ್ಲಿ ಹೀರಿಕೆಯಾಗಿ ರಕ್ತದ ಮೂಲಕ ಲಿವರಿಗೆ ಮರಳುತ್ತದೆ. ದೇಹದಲ್ಲಿರುವ ಒಟ್ಟು 2–4 ಗ್ರಾಂ ಪಿತ್ತಲವಣ ದಿನಕ್ಕೆ ಹಲವು ಸುತ್ತು ಹಾಕುತ್ತದೆ. ಲಿವರಿಗೆ ಮರಳಿದಾಗ ಅದು ಬಳಸುವುದು ಎನ್‌ಟಿಸಿಪಿ, ಒಎಟಿಪಿ ವಾಹಕಗಳನ್ನೇ, ಅಂದರೆ ಐಸಿಜಿ ನುಗ್ಗುವ ಅದೇ ಬಾಗಿಲನ್ನು.

ಆರೋಗ್ಯವಂತರ ರಕ್ತದಲ್ಲಿ ಉಪವಾಸದ ಹೊತ್ತಿಗೆ ಪಿತ್ತಲವಣ ಲೀಟರಿಗೆ 10 ಮೈಕ್ರೋಮೋಲ್‌ಗಿಂತ ಕಡಿಮೆ ಇರುವುದರಿಂದ ಪೈಪೋಟಿ ನಗಣ್ಯ. ಪಿತ್ತನಾಳ ಕಟ್ಟಿಕೊಂಡಾಗ ಅದು ಹತ್ತಾರು ಪಟ್ಟು ಏರಬಲ್ಲದು. ಜತೆಗೆ ಬಿಲಿರುಬಿನ್ ಕೂಡ ಅದೇ ಬಾಗಿಲಲ್ಲಿ ನಿಂತಿರುತ್ತದೆ. ಐಸಿಜಿ ರಕ್ತದಲ್ಲೇ ಉಳಿಯುತ್ತದೆ. ಒಟ್ಟಿನಲ್ಲಿ ಒಂದೇ ವಸ್ತು ರಕ್ತದಲ್ಲಿದ್ದಾಗ ಬಣ್ಣವನ್ನು ತಡೆಯುತ್ತದೆ, ಕಾಲುವೆಯಲ್ಲಿದ್ದಾಗ ಬಣ್ಣವನ್ನು ಎಳೆದುಕೊಳ್ಳುತ್ತದೆ. ಪಿತ್ತಲವಣ ಎಷ್ಟಿದೆ ಎಂದು ಕೇಳಿದರೆ ಸಾಲದು, ಎಲ್ಲಿದೆ ಎಂದು ಕೇಳಬೇಕು.

ಆರ್15 ಹೇಳುವುದು, ಹೇಳದಿರುವುದು

ಆರ್15 ಪರೀಕ್ಷೆಯಲ್ಲಿ ಕಿಲೋಗೆ 0.5 ಮಿ.ಗ್ರಾಂ. ಐಸಿಜಿ ಚುಚ್ಚುತ್ತಾರೆ. 60 ಕೆ.ಜಿ. ತೂಕದವರಿಗೆ 30 ಮಿ.ಗ್ರಾಂ. ರಕ್ತದ ದ್ರವಭಾಗ ಕಿಲೋಗೆ ಸುಮಾರು 50 ಮಿ.ಲೀ. ಎಂದು ಹಿಡಿದರೆ, ಚುಚ್ಚಿದ ಕ್ಷಣದ ಸಾಂದ್ರತೆ 100 ಮಿ.ಲೀ.ಗೆ 1 ಮಿ.ಗ್ರಾಂ. 15ನೇ ನಿಮಿಷಕ್ಕೆ ಅದು 0.1 ಆಗಿದ್ದರೆ ಆರ್15 ಶೇ 10. ಬೆರಳಿಗೆ ಸಿಕ್ಕಿಸುವ ಸಂವೇದಕದಿಂದಲೂ ಅಳೆಯಬಹುದು. ಅದರಲ್ಲಿ ನಿಮಿಷಕ್ಕೆ ಶೇ 18ಕ್ಕಿಂತ ಹೆಚ್ಚು ಕಣ್ಮರೆಯಾದರೆ ಸಾಮಾನ್ಯ ಎನ್ನುತ್ತಾರೆ.

ಲಿವರಿನ ಶೇಕಡಾವಾರು ಅಂಕ ಇದಲ್ಲ ಏಕೆ ಎಂಬುದು ಸಣ್ಣ ಲೆಕ್ಕದಿಂದ ಗೊತ್ತಾಗುತ್ತದೆ. ಅರ್ಧಕ್ಕಿಳಿಯುವ ಅವಧಿ 3.5 ನಿಮಿಷವಿದ್ದರೆ 15 ನಿಮಿಷಕ್ಕೆ ಉಳಿಯುವುದು ಸುಮಾರು ಶೇ 5. ಅವಧಿ 7 ನಿಮಿಷಕ್ಕೆ ಏರಿದರೆ, ಅಂದರೆ ವೇಗ ಅರ್ಧವಾದರೆ, ಉಳಿಯುವುದು ಸುಮಾರು ಶೇ 23. ಕ್ಷಮತೆ ಅರ್ಧಕ್ಕಿಳಿದಿದೆ, ಸಂಖ್ಯೆ ಮಾತ್ರ ನಾಲ್ಕೂವರೆ ಪಟ್ಟಾಗಿದೆ. ಶೇ 12 ಎಂದರೆ ಶೇ 88 ಲಿವರ್ ಚೆನ್ನಾಗಿದೆ ಎಂದು ಅರ್ಥ ಮಾಡುವುದು ಹಾಗಾಗಿ ತಪ್ಪು.

ಜಪಾನಿನಲ್ಲಿ ರೂಪುಗೊಂಡ ಮಾಕುಉಚಿ ಮಾನದಂಡದಲ್ಲಿ ಈ ಸಂಖ್ಯೆ ಕತ್ತರಿಸುವ ಮಿತಿಯನ್ನು ನಿರ್ಧರಿಸುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿರಬಾರದು, ಬಿಲಿರುಬಿನ್ ಸಾಮಾನ್ಯವಾಗಿರಬೇಕು. ಆಮೇಲೆ ಆರ್15 ಶೇ 10ಕ್ಕಿಂತ ಕಡಿಮೆಯಿದ್ದರೆ ಲಿವರಿನ ಬಲಭಾಗದಷ್ಟು ದೊಡ್ಡ ತುಂಡನ್ನೂ ತೆಗೆಯಬಹುದು. 10–19 ಇದ್ದರೆ ಎಡಭಾಗ. 20–29 ಇದ್ದರೆ ಒಂದು ಖಂಡ. 30–39ಕ್ಕೆ ಸಣ್ಣ ತುಂಡು. 40 ದಾಟಿದರೆ ಗೆಡ್ಡೆಯನ್ನು ಮಾತ್ರ ಬಿಡಿಸಿ ತೆಗೆಯುವುದು. ಬಿಲಿರುಬಿನ್ ಶರತ್ತನ್ನು ಮೊದಲೇ ಇಟ್ಟಿರುವುದು ಸುಮ್ಮನೆ ಅಲ್ಲ: ಕಾಮಾಲೆ ಇದ್ದಾಗ ಒಳಬಾಗಿಲ ನೂಕುನುಗ್ಗಲಿನಿಂದಲೇ ಸಂಖ್ಯೆ ಏರುತ್ತದೆ, ಕೋಶ ಸತ್ತದ್ದರಿಂದಲ್ಲ.

ಮೋಸ ಮಾಡುವ ಇನ್ನೂ ಹಲವು ಕಾರಣಗಳಿವೆ. ಐಸಿಜಿಯನ್ನು ಲಿವರ್ ಎಷ್ಟು ಬೇಗ ಹೀರುತ್ತದೆಂದರೆ, ಲಿವರಿಗೆ ಬರುವ ರಕ್ತದ ಪ್ರಮಾಣವೇ ಫಲಿತಾಂಶವನ್ನು ಆಳುತ್ತದೆ. ಬಿಪಿ ಕುಸಿದ ರೋಗಿಯಲ್ಲಿ ಲಿವರ್ ಸರಿಯಿದ್ದರೂ ಆರ್15 ಏರುತ್ತದೆ. ರಿಫಾಂಪಿಸಿನ್, ಸೈಕ್ಲೋಸ್ಪೋರಿನ್ ಒಎಟಿಪಿಯನ್ನು ತಡೆಯುತ್ತವೆ. ಟಿಬಿ ಔಷಧಿ ತೆಗೆದುಕೊಳ್ಳುವವರು ಹೆಚ್ಚಿರುವ ನಮ್ಮ ದೇಶದಲ್ಲಿ ಮೊದಲನೆಯದನ್ನು ಕೇಳಿ ತಿಳಿಯಲೇಬೇಕು. ಚುಚ್ಚಿದ ತೋಳಿನಿಂದಲೇ ರಕ್ತ ತೆಗೆದರೆ ಸೂಜಿಯಲ್ಲಿ ಉಳಿದ ಬಣ್ಣ ಲೆಕ್ಕ ಕೆಡಿಸುತ್ತದೆ. ಇವೆಲ್ಲಕ್ಕಿಂತ ವಿಚಿತ್ರವಾದದ್ದು, ಹುಟ್ಟಿನಿಂದಲೇ ಒಎಟಿಪಿ1ಬಿ3 ಇಲ್ಲದವರು. ಬೇರೆಲ್ಲ ಪರೀಕ್ಷೆ ಸರಿ, ಲಿವರ್ ಸರಿ, ಆರ್15 ಮಾತ್ರ ಬಹಳ ಎತ್ತರ. ಜಪಾನಿನಲ್ಲಿ ಇಂಥ ಪ್ರಕರಣಗಳು ಚೆನ್ನಾಗಿ ದಾಖಲಾಗಿವೆ. ಉಳಿದ ವರದಿಗಳಿಗೆ ತಾಳೆಯಾಗದ ಸಂಖ್ಯೆ ಬಂದರೆ, ಆಪರೇಷನ್ ಕೈಬಿಡುವ ಮೊದಲು ಇದು ನೆನಪಾಗಬೇಕು.

ಪಿತ್ತಲವಣ ಹೊರಬಾಗಿಲಲ್ಲಿ ಕೊಡುವ ನೆರವು ಆರ್15ರಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ. ಹದಿನೈದು ನಿಮಿಷದಲ್ಲಿ ಅಳೆಯುವುದು ಬಣ್ಣ ರಕ್ತದಿಂದ ಹೋಯಿತೇ ಎಂಬುದನ್ನು, ಪಿತ್ತಕ್ಕೆ ಬಂತೇ ಎಂಬುದನ್ನಲ್ಲ.

ಥಿಯೇಟರಿನಲ್ಲಿ ಗಡಿಯಾರದ ಜಗಳ

ಪಿತ್ತನಾಳ ಹೊಳೆಯಬೇಕಾದಾಗ ಪರಿಸ್ಥಿತಿ ತಿರುವುಮುರುವು. ಇಲ್ಲಿ ಹೊರಬಾಗಿಲೇ ಎಲ್ಲ.

ಐಸಿಜಿ ಪುಡಿ ಸಾಮಾನ್ಯವಾಗಿ 25 ಮಿ.ಗ್ರಾಂ. ಬಾಟಲಿಯಲ್ಲಿ ಬರುತ್ತದೆ. ಅದನ್ನು ಇಂಜೆಕ್ಷನ್‌ಗೆ ಬಳಸುವ ಸ್ಟೆರೈಲ್ ವಾಟರ್ 10 ಮಿ.ಲೀ.ನಲ್ಲಿ ಕರಗಿಸಿದರೆ ಮಿ.ಲೀ.ಗೆ 2.5 ಮಿ.ಗ್ರಾಂ. ಸಲೈನ್‌ನಲ್ಲಿ ಕರಗಿಸಬಾರದು, ಅಣುಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಕರಗಿಸಿದ ಮೇಲೆ 6 ಗಂಟೆಯೊಳಗೆ ಬಳಸಬೇಕು. ಪುಡಿಯಲ್ಲಿ ಅಯೋಡೈಡ್ ಇರುವುದರಿಂದ ಅಲರ್ಜಿಯ ಇತಿಹಾಸ ಕೇಳಬೇಕು. ಪಿತ್ತನಾಳ ನೋಡಲು ಕಿಲೋಗೆ 0.05 ಮಿ.ಗ್ರಾಂ. ಸಾಕು, 50 ಕೆ.ಜಿ. ತೂಕದವರಿಗೆ 1 ಮಿ.ಲೀ. ಇದು ಆರ್15 ಪ್ರಮಾಣದ ಹತ್ತನೇ ಒಂದು ಭಾಗ. ಹೆಚ್ಚು ಕೊಟ್ಟರೆ ಹೆಚ್ಚು ಹೊಳೆಯುತ್ತದೆ ಎಂದೇನಿಲ್ಲ. ಸಾಂದ್ರತೆ ಮಿತಿಮೀರಿದರೆ ಅಣುಗಳು ಪರಸ್ಪರರ ಹೊಳಪನ್ನೇ ನುಂಗಿಕೊಳ್ಳುತ್ತವೆ, ಲಿವರ್ ಮಾತ್ರ ಗಂಟೆಗಟ್ಟಲೆ ಹಸಿರಾಗಿ ಉಳಿಯುತ್ತದೆ.

ಚುಚ್ಚಿದ ಹತ್ತು ನಿಮಿಷದೊಳಗೇ ಪಿತ್ತದಲ್ಲಿ ಬಣ್ಣ ಕಾಣಿಸಿಕೊಳ್ಳುತ್ತದೆ. ಆದರೆ ಆಗ ಲಿವರ್ ಇನ್ನೂ ಬಣ್ಣ ತುಂಬಿಕೊಂಡಿರುತ್ತದೆ. ನಾಳವೂ ಹಸಿರು, ಹಿನ್ನೆಲೆಯೂ ಹಸಿರು. ‘ಮುಕ್ಕಾಲು ಗಂಟೆ’ ಪಕ್ಷ ಹೇಳುವುದು: ಇಷ್ಟು ಹೊತ್ತಿಗೆ ನಾಳ ಗುರುತಿಸಲು ಸಾಲುವಷ್ಟು ವ್ಯತ್ಯಾಸ ಬರುತ್ತದೆ, ರೋಗಿ ಅದೇ ದಿನ ಬೆಳಿಗ್ಗೆ ದಾಖಲಾಗಬಹುದು, ಕಾರ್ಯಕ್ರಮ ಸರಳ. 2019ರಲ್ಲಿ ಪ್ರಕಟವಾದ 639 ರೋಗಿಗಳ ಹೋಲಿಕೆ ಪ್ರಯೋಗದಲ್ಲಿ ಈ ಕ್ರಮವನ್ನೇ ಬಳಸಿ, ಸಾಮಾನ್ಯ ಬೆಳಕಿಗಿಂತ ನಾಳಗಳು ಚೆನ್ನಾಗಿ ಕಾಣುತ್ತವೆ ಎಂದು ತೋರಿಸಲಾಯಿತು. ‘ಹಿಂದಿನ ರಾತ್ರಿ’ ಪಕ್ಷದ ಮಾತು ಹೊರಬಾಗಿಲಿಗೆ ಹೊಂದುತ್ತದೆ: ಲಿವರ್ ಖಾಲಿಯಾಗಲು ಸಮಯ ಕೊಡಿ. ಉಪವಾಸದಲ್ಲಿ ಪಿತ್ತಕೋಶ ಹೆಚ್ಚು ಹಿಂಡುವುದಿಲ್ಲವಾದ್ದರಿಂದ ಬಣ್ಣ ಅಲ್ಲಿ ಸಂಗ್ರಹವಾಗಿರುತ್ತದೆ. ಲಿವರ್ ಕಪ್ಪು, ನಾಳ ಹೊಳಪು. ಹೋಲಿಕೆ ಮಾಡಿದ ಅಧ್ಯಯನಗಳಲ್ಲಿ ಹಿನ್ನೆಲೆಗೂ ನಾಳಕ್ಕೂ ಇರುವ ವ್ಯತ್ಯಾಸ ತಡವಾದಷ್ಟೂ ಉತ್ತಮ ಎಂಬ ಒಲವು ಕಾಣುತ್ತದೆ. ಚಿತ್ರದ ಗುಣಮಟ್ಟದಲ್ಲಿ ಎರಡನೆಯ ಪಕ್ಷದ ವಾದವೇ ಗಟ್ಟಿ; ನಮ್ಮ ಆಸ್ಪತ್ರೆಗಳ ದಾಖಲಾತಿ ವ್ಯವಸ್ಥೆಗೆ ಮೊದಲನೆಯದೇ ಒಗ್ಗುತ್ತದೆ.

ಹಾಗೆಂದು ನಾಳ ಕಂಡ ಮಾತ್ರಕ್ಕೆ ಗಾಯ ತಪ್ಪುತ್ತದೆ ಎಂದು ಸಾಬೀತಾಗಿದೆಯೇ? ಪಿತ್ತನಾಳಕ್ಕೆ ದೊಡ್ಡ ಗಾಯವಾಗುವುದು ಸಾವಿರಕ್ಕೆ ಕೆಲವೇ ಆಪರೇಷನ್‌ಗಳಲ್ಲಿ. ಅಷ್ಟು ಅಪರೂಪದ ಘಟನೆಯಲ್ಲಿ ಇಳಿಕೆ ತೋರಿಸಲು ಕೆಲವು ನೂರು ರೋಗಿಗಳ ಪ್ರಯೋಗ ಸಾಲದು. ಜಾಹೀರಾತುಗಳು ಈ ವ್ಯತ್ಯಾಸವನ್ನು ಹೇಳುವ ಗೋಜಿಗೆ ಹೋಗುವುದಿಲ್ಲ.

ಇನ್ನು ಎಡವಟ್ಟುಗಳು. ಈ ಬೆಳಕು ಅಂಗಾಂಶದಲ್ಲಿ 5–10 ಮಿ.ಮೀ. ಆಳದವರೆಗೆ ಮಾತ್ರ ತೂರುತ್ತದೆ. ಕೊಬ್ಬು ದಪ್ಪವಿದ್ದರೆ, ಉರಿಯೂತದಿಂದ ಊದಿದ್ದರೆ, ಕೆಳಗಿರುವ ನಾಳ ಕಾಣುವುದಿಲ್ಲ. ಪಿತ್ತಕೋಶದ ಕತ್ತಿನಲ್ಲಿ ಕಲ್ಲು ಸಿಕ್ಕಿದ್ದರೆ ಬಣ್ಣ ಪಿತ್ತಕೋಶಕ್ಕೆ ಹೋಗುವುದೇ ಇಲ್ಲ. ಮುಖ್ಯನಾಳ ಪೂರ್ತಿ ಕಟ್ಟಿ ಕಾಮಾಲೆಯಾಗಿದ್ದರೆ ಎರಡು ಬಾಗಿಲೂ ಕೆಟ್ಟಿರುತ್ತವೆ. ಆದ್ದರಿಂದ ಹೊಳೆದದ್ದು ನಾಳ ಎನ್ನಬಹುದು, ಹೊಳೆಯದ ಕಡೆ ನಾಳವಿಲ್ಲ ಎನ್ನುವಂತಿಲ್ಲ. ಪಿತ್ತವನ್ನು ನಳಿಕೆಯ ಮೂಲಕ ದಿನಗಟ್ಟಲೆ ಹೊರಗೆ ಹರಿಸುತ್ತಿರುವ ರೋಗಿಯಲ್ಲಿ ಇನ್ನೊಂದು ತೊಡಕು: ಕರುಳಿಗೆ ಹೋಗದ ಪಿತ್ತಲವಣ ಮರಳಿ ಬರುವುದಿಲ್ಲ. ಲಿವರ್ ಹೊಸದಾಗಿ ತಯಾರಿಸಿದರೂ ನಷ್ಟವನ್ನು ಪೂರ್ತಿ ತುಂಬಲಾರದು. ಚೀಲದಲ್ಲಿ ಪಿತ್ತ ಸಾಕಷ್ಟು ಬೀಳುತ್ತಿದ್ದರೂ ಅದು ಲವಣ ಕಡಿಮೆಯಿರುವ ತೆಳು ಪಿತ್ತ, ಬಣ್ಣಕ್ಕೆ ಅದರ ಆಸರೆ ಕಡಿಮೆ.

ಗೆಡ್ಡೆ ಏಕೆ ಹೊಳೆಯುತ್ತದೆ

ಆರ್15 ಪರೀಕ್ಷೆ ಮಾಡಿ ಕೆಲವು ದಿನಗಳಾದ ಮೇಲೆ ಆಪರೇಷನ್‌ಗೆ ಹೊಟ್ಟೆ ತೆರೆದಾಗ ಲಿವರ್ ಕಪ್ಪಾಗಿ, ಕ್ಯಾನ್ಸರ್ ಗೆಡ್ಡೆ ಮಾತ್ರ ಹೊಳೆಯುವುದನ್ನು ಜಪಾನಿನ ವೈದ್ಯರು ಗಮನಿಸಿ 2009ರಲ್ಲಿ ವರದಿ ಮಾಡಿದರು. ಬಣ್ಣ ಕ್ಯಾನ್ಸರನ್ನು ಹುಡುಕಿಕೊಂಡು ಹೋಗುತ್ತದೆ ಎಂದು ಕೆಲವೆಡೆ ಬರೆಯುವುದುಂಟು, ಅದು ಸರಿಯಲ್ಲ. ಲಿವರ್ ಕೋಶದಿಂದಲೇ ಹುಟ್ಟಿ ಇನ್ನೂ ಅದರ ಗುಣ ಉಳಿಸಿಕೊಂಡ ಗೆಡ್ಡೆಯಲ್ಲಿ ಒಳಬಾಗಿಲು ಕೆಲಸ ಮಾಡುತ್ತಿರುತ್ತದೆ, ಪಿತ್ತ ಹೊರಹೋಗುವ ದಾರಿ ಹಾಳಾಗಿರುತ್ತದೆ. ಬಂದ ಬಣ್ಣ ಸಿಕ್ಕಿಹಾಕಿಕೊಳ್ಳುತ್ತದೆ. ದೊಡ್ಡಕರುಳಿನಿಂದ ಹರಡಿ ಬಂದ ಗೆಡ್ಡೆಗೆ ಒಳಬಾಗಿಲೇ ಇಲ್ಲ, ಅದು ಕಪ್ಪು. ಆದರೆ ಅದರ ಸುತ್ತ ಒತ್ತಡಕ್ಕೆ ಸಿಕ್ಕ ಲಿವರಿನಲ್ಲಿ ಪಿತ್ತ ನಿಂತು, ಉಂಗುರದಂತೆ ಹೊಳಪು ಕಾಣುತ್ತದೆ. ಸಿರೋಸಿಸ್ (ಲಿವರ್ ಗಟ್ಟಿಯಾಗಿ ಗಂಟುಗಟ್ಟುವ ಕಾಯಿಲೆ) ಗಂಟುಗಳೂ ಹೀಗೆಯೇ ಬಣ್ಣ ಹಿಡಿದುಕೊಂಡು ಕ್ಯಾನ್ಸರ್ ಇದ್ದಂತೆ ತೋರಬಹುದು.

ಶಿಶುಗಳ ಸ್ಕ್ಯಾನ್, ಹೊಸ ಔಷಧಿಗಳು

ಬಣ್ಣವಲ್ಲದಿದ್ದರೂ ಇದೇ ದಾರಿ ಹಿಡಿಯುವ ಇನ್ನೊಂದು ವಸ್ತು, ಪಿತ್ತದ ಹಾದಿಯನ್ನು ನೋಡುವ ಹೈಡಾ ಸ್ಕ್ಯಾನ್‌ನಲ್ಲಿ ಚುಚ್ಚುವ ಮೆಬ್ರೊಫೆನಿನ್. ಕಾಮಾಲೆ ಇಳಿಯದ ಹಸುಗೂಸಿಗೆ ಪಿತ್ತನಾಳವೇ ಬೆಳೆದಿಲ್ಲವೇ ಎಂದು ನೋಡಲು ಇದನ್ನು ಮಾಡುತ್ತಾರೆ. ಅದಕ್ಕೆ ಮೊದಲು ಸುಮಾರು ಐದು ದಿನ, ದಿನಕ್ಕೆ ಕಿಲೋಗೆ 5 ಮಿ.ಗ್ರಾಂ. ಫೀನೋಬಾರ್ಬಿಟಾಲ್ ಕೊಡುವ ರೂಢಿಯಿದೆ. ಫಿಟ್ಸ್ ಔಷಧಿ ಮಗುವಿಗೇಕೆ ಎಂದು ಹೆತ್ತವರು ಗಾಬರಿಯಾಗುತ್ತಾರೆ. ಅದು ಪಿತ್ತಲವಣಕ್ಕೆ ಸೇರದ ಹರಿವನ್ನು ಹೆಚ್ಚಿಸುವುದರ ಜತೆಗೆ ಕೋಶದೊಳಗಿನ ಸಾಗಣೆಯನ್ನೂ ಚುರುಕುಗೊಳಿಸುತ್ತದೆ. ಕೊಡದೆ ಸ್ಕ್ಯಾನ್ ಮಾಡಿದರೆ, ನಾಳ ಸರಿಯಿದ್ದು ಲಿವರ್ ಸೋತಿರುವ ಮಗುವಿನಲ್ಲೂ ಕರುಳಿಗೆ ಏನೂ ಬರದೆ, ಅನಗತ್ಯ ಆಪರೇಷನ್‌ವರೆಗೆ ಮಾತು ಹೋಗಬಹುದು.

2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಓಡೆವಿಕ್ಸಿಬ್ಯಾಟ್, ಮರಾಲಿಕ್ಸಿಬ್ಯಾಟ್ ಔಷಧಿಗಳು ಪಿತ್ತಲವಣ ಕರುಳಿನಿಂದ ಮರಳುವುದನ್ನೇ ತಡೆಯುತ್ತವೆ. ಪಿತ್ತ ಕಟ್ಟಿಕೊಂಡು ತಡೆಯಲಾರದ ತುರಿಕೆ ಅನುಭವಿಸುವ ಮಕ್ಕಳಿಗೆ ಅದು ಉಪಕಾರ. ಇವನ್ನು ತೆಗೆದುಕೊಳ್ಳುವವರಲ್ಲಿ ಬಣ್ಣದ ಪರೀಕ್ಷೆಯನ್ನು ಓದುವಾಗ ಒಳಬಾಗಿಲ ಪೈಪೋಟಿ ತಗ್ಗಿರುವುದನ್ನೂ ಕಾಲುವೆಗೆ ಬರುವ ಲವಣ ತಗ್ಗಿರುವುದನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯಬೇಕು. ಔಷಧಿ ಶುರುವಾಗುವ ಮುಂಚಿನ ಸಂಖ್ಯೆಗೆ ಈಗಿನದನ್ನು ಹೋಲಿಸಿ ಲಿವರ್ ಸುಧಾರಿಸಿದೆ ಎನ್ನುವುದು ಅವಸರ.

ಗೋಬಿ ಮಂಚೂರಿಯ ಬಣ್ಣ?

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗಳಲ್ಲಿ ಕೃತಕ ಬಣ್ಣ ನಿಷೇಧಿಸಿದ ಮೇಲೆ, ತಿಂದದ್ದನ್ನು ಪಿತ್ತ ಹೆಚ್ಚಿಸಿ ಹೊರಹಾಕಬಹುದೇ ಎಂಬ ಪ್ರಶ್ನೆ ಸಹಜವೇ. ಆಗುವುದಿಲ್ಲ. ಐಸಿಜಿಯ ಫಲಿತಾಂಶ ಐಸಿಜಿಗೆ ಮಾತ್ರ. ಟಾರ್ಟ್ರಾಜೀನ್‌ನಂಥ ಅನುಮತಿ ಇರುವ ಬಣ್ಣ ಬಹುಪಾಲು ಹೀರಿಕೆಯಾಗುವ ಮೊದಲೇ ಕರುಳಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಒಡೆಯುತ್ತದೆ. ಅಲ್ಲಿ ಪಿತ್ತಕ್ಕೆ ಕೆಲಸವೇ ಇಲ್ಲ. ಬಟ್ಟೆ, ಕಾಗದಕ್ಕೆ ಹಾಕುವ ರೋಡಮೈನ್-ಬಿ ರಚನೆಯಲ್ಲೇ ಬೇರೆ ಜಾತಿಯದು, ಆಹಾರದಲ್ಲಿ ಅದಕ್ಕೆ ಅನುಮತಿಯೂ ಇಲ್ಲ. ನಿಂಬೆರಸ, ಆಲಿವ್ ಎಣ್ಣೆ ಕುಡಿದರೆ ಪಿತ್ತಕೋಶ ಹಿಂಡಬಹುದು ನಿಜ. ಅದು ಆಗಲೇ ಹೊರಬಾಗಿಲು ದಾಟಿ ಬಂದು ಸಂಗ್ರಹವಾಗಿದ್ದ ಪಿತ್ತ ಕೆಳಗಿಳಿಯುವುದಷ್ಟೇ. ಲಿವರಿನ ಕೋಶದಿಂದ ಹೆಚ್ಚುವರಿಯಾಗಿ ಏನೂ ಹೊರಬಂದಂತಾಗಲಿಲ್ಲ. ಪಿತ್ತಕೋಶದಲ್ಲಿ ಸಣ್ಣ ಕಲ್ಲುಗಳಿರುವವರು ಹೀಗೆ ಮಾಡಿದರೆ ಕಲ್ಲು ಜಾರಿ ಮುಖ್ಯನಾಳದಲ್ಲಿ ಸಿಕ್ಕಿಕೊಂಡು ಕಾಮಾಲೆಯಾಗಬಹುದು, ಮೇದೋಜೀರಕ ಗ್ರಂಥಿಯೂ ಊದಿಕೊಳ್ಳಬಹುದು.